ನ್ಯಾಯ

ಸಂಡೂರು ತಾಲ್ಲೂಕಿನ ಬಂಡ್ರಿ ಕಡೆಯ ಮಾತಿನಲ್ಲಿ ‘ಬದುವಿನ ಸಲುವಾಗಿ ಅಣ್ಣತಮ್ಮರು ನ್ಯಾಯ ಮಾಡಿಕೊಂಡರು’ ಅಂದರೆ ಜಗಳ ಆಡಿದರು ಎಂದರ್ಥ. ಆ ಜಗಳ ಬಗೆಹರಿಸಲು ಹಿರಿಯರು ಕಟ್ಟೆಯ ಮೇಲೆ ಕೂತು ಹೇಳುವುದೂ ನ್ಯಾಯವೇ. ಸಂಸ್ಕೃತದಲ್ಲಿ ‘ನಿ’ ಉಪಸರ್ಗಕ್ಕೆ ‘ಹೋಗು’ ಎಂಬರ್ಥದ ‘ಇ’ ಧಾತು ಸೇರಿ ಹುಟ್ಟಿದ ಪದವಿದು. ಎಲ್ಲವೂ ಹೋಗಿ ನಿಲ್ಲುವ ನೆಲೆ, ನಿಯಮ ಎಂಬುದು ಮೂಲಾರ್ಥ. ಕನ್ನಡಿಗರು ಆ ನೆಲೆಯನ್ನೂ ಉಳಿಸಿಕೊಂಡರು, ಅದಕ್ಕಾಗಿ ನಡೆಯುವ ತಕರಾರನ್ನೂ ಅದೇ ಹೆಸರಿನಿಂದ ಕರೆದರು.

ತಕರಾರಿಗೂ ಅದೇ ಹೆಸರಾದರೆ, ನ್ಯಾಯ ಅವರವರ ಕಣ್ಣಿಗೆ ತಕ್ಕದ್ದೇ? 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿದಾಗ, ಅದಿರು ಸಾಗಿಸುವ ಲಾರಿಯ ಕಂತು ಕಟ್ಟುವವನ ಮಾತು ಒಂದು, ಜೋಳದ ಗರಿಯ ಮೇಲೆ ಕೆಂಧೂಳು ಕಂಡ ರೈತನ ಮಾತು ಇನ್ನೊಂದು. ಇಬ್ಬರದೂ ಸಂಕಟವೇ. ಆದರೆ ಧೂಳು ಇದ್ದದ್ದು ನೋಡುವವರ ಕಣ್ಣನ್ನು ಅವಲಂಬಿಸಿರಲಿಲ್ಲ. ‘ನಿನಗೊಂದು ನ್ಯಾಯ, ನನಗೊಂದು ನ್ಯಾಯಾನಾ?’ ಎಂದು ಕೇಳುವವರು ಇಬ್ಬರಿಗೂ ಸಲ್ಲುವ ಒಂದು ಅಳತೆ ಇದೆಯೆಂದು ನಂಬಿಯೇ ಕೇಳುತ್ತಾರೆ. ನನಗೂ ಆ ನಂಬಿಕೆಯೇ ಸರಿ ಕಾಣುತ್ತದೆ.

‘ಅನ್ಯಾಯ’ಕ್ಕೆ ಮಾತ್ರ ಜಗಳದ ಅರ್ಥ ಬರಲಿಲ್ಲ. ಜಗಳವಾಡಲು ಎದುರಿಗೆ ಯಾರೂ ಇಲ್ಲದ ಕಡೆಯೂ ಆ ಪದ ಸಲ್ಲುತ್ತದೆ: ಎಳೆವಯಸ್ಸಿನವರು ತೀರಿಕೊಂಡಾಗ ‘ಅನ್ಯಾಯವಾಗಿ ಹೋದ’ ಎನ್ನುವುದುಂಟು.