ಜಲವರ್ಣ ಚಿತ್ರಕಲೆ: ದೀಪದ ಹೆಣ್ಣಿನಿಂದ ಇಂದಿನವರೆಗೆ

ಮೈಸೂರಿಗೆ ಹೋದವರು ಅಂಬಾವಿಲಾಸ ಅರಮನೆಯನ್ನೂ ಚಾಮುಂಡಿ ಬೆಟ್ಟವನ್ನೂ ನೋಡಿ, ಹೊತ್ತು ಉಳಿದರೆ ಜಗನ್ಮೋಹನ ಅರಮನೆಯ ಚಿತ್ರಶಾಲೆಗೂ ಹೋಗಿಬರುವುದು ವಾಡಿಕೆ. ಅಲ್ಲಿ ಚಿತ್ರಗಳು ಎಷ್ಟೇ ಇದ್ದರೂ ಜನರು ಗುಂಪುಗೂಡುವುದು ಒಂದು ಚಿತ್ರದ ಮುಂದೆ. ಕೈಯಲ್ಲಿ ದೀಪ ಹಿಡಿದು, ಗಾಳಿಗೆ ಆರದಂತೆ ಇನ್ನೊಂದು ಅಂಗೈಯನ್ನು ಮರೆಮಾಡಿ ನಿಂತ ಹೆಣ್ಣಿನ ಚಿತ್ರವದು. ಬೆರಳುಗಳ ಮೂಲಕ ಕೆಂಪಗೆ ಸೋಸಿ ಬರುವ ಬೆಳಕು ಆಕೆಯ ಮುಖದ ಮೇಲೆ ಬಿದ್ದಿದೆ. ಚಿತ್ರದಲ್ಲಿ ದೀಪ ನಿಜವಾಗಿಯೂ ಉರಿಯುತ್ತಿದೆಯೋ ಎಂದು ಮಕ್ಕಳು ಹಿಂದಕ್ಕೆ ಇಣಿಕಿ ನೋಡುವುದುಂಟು. ಕ್ಯಾಲೆಂಡರಿನಲ್ಲಿಯೋ ಅಚ್ಚಿನ ಪ್ರತಿಯಾಗಿಯೋ ಈ ಚಿತ್ರ ನಮ್ಮಲ್ಲಿ ಅನೇಕರ ಮನೆಯ ಗೋಡೆಯನ್ನೂ ಅಲಂಕರಿಸಿದೆ.

ಈ ಚಿತ್ರವನ್ನು ಬರೆದವರು ಯಾರು? ಹತ್ತು ಜನರನ್ನು ಕೇಳಿದರೆ ಎಂಟು ಮಂದಿ ರಾಜಾ ರವಿವರ್ಮ ಎಂದಾರು. ನಾವೂ ಹಾಗೆಯೇ ನಂಬಿದ್ದೆವು. ನಂಬಿದ್ದಷ್ಟೇ ಅಲ್ಲ, ಒಂದು ಬೇಸಗೆಯ ರಜೆಯಲ್ಲಿ ಆ ಚಿತ್ರದ ಮುಂದೆ ನಿಂತು ಮಗಳಿಗೂ ಹಾಗೆಯೇ ಹೇಳಿಕೊಟ್ಟೆವು. ಮುಂಬಯಿಗೆ ಮರಳಿದ ಮೇಲೆ ಬ್ಯಾಂಕಿನಲ್ಲಿ ಊಟದ ಹೊತ್ತಿಗೆ ಈ ಪ್ರವಾಸದ ವರ್ಣನೆ ನಡೆದಿತ್ತು. ಪಕ್ಕದ ಮೇಜಿನ ಹಿರಿಯ ಮರಾಠಿ ಸಹೋದ್ಯೋಗಿಗಳು ಡಬ್ಬಿ ಮುಚ್ಚುತ್ತ, "ಅಹೋ, ಅದು ರವಿವರ್ಮರದಲ್ಲ, ನಮ್ಮ ಹಳದಣಕರ ಮಾಸ್ತರರದು. ಎಣ್ಣೆಯ ಬಣ್ಣವೂ ಅಲ್ಲ, ನೀರಿನ ಬಣ್ಣ" ಎಂದರು. ಒಂದೇ ಮಾತಿನಲ್ಲಿ ನಮ್ಮ ಎರಡು ತಪ್ಪುಗಳು ಹೊರಬಿದ್ದವು. ಅಂದಿನಿಂದ ಬಿಡುವಿನ ದಿನಗಳಲ್ಲಿ ಓದಿ, ನೋಡಿ, ಕೇಳಿ ತಿಳಿದುಕೊಂಡದ್ದನ್ನು ಈ ಸಂಚಿಕೆಯ ವಾಚಕರ ಮುಂದಿಡುತ್ತಿದ್ದೇವೆ. ನಾವು ಕಲಾವಿಮರ್ಶಕರಲ್ಲ, ವಾಣಿಜ್ಯಶಾಸ್ತ್ರ ಓದಿ ಗುಮಾಸ್ತಗಿರಿಗೆ ಸೇರಿದವರು. ದೋಷಗಳಿದ್ದರೆ ಬಲ್ಲವರು ತಿದ್ದಬೇಕು.

ಲೆಕ್ಕ ಬಲ್ಲವರಿಗೆ ಮೊದಲ ತಪ್ಪು ತಾನಾಗಿಯೇ ತಿಳಿಯಬೇಕಿತ್ತು. ರವಿವರ್ಮರು ತೀರಿಕೊಂಡದ್ದು 1906ರಲ್ಲಿ. ದೀಪದ ಹೆಣ್ಣಿನ ಚಿತ್ರ ರಚಿತವಾದದ್ದು 1945-46ರ ಸುಮಾರಿಗೆ. ಬರೆದವರು ಸಾವಂತವಾಡಿಯಲ್ಲಿ 1882ರಲ್ಲಿ ಹುಟ್ಟಿ, ಮುಂಬಯಿಯ ಸರ್ ಜೆ. ಜೆ. ಕಲಾಶಾಲೆಯಲ್ಲಿ ಕಲಿತು, 1908ರಲ್ಲಿ ಈ ನಗರದಲ್ಲಿಯೇ ಸ್ವಂತ ಚಿತ್ರಶಾಲೆ ತೆರೆದು ನೂರಾರು ಶಿಷ್ಯರನ್ನು ತಯಾರು ಮಾಡಿದ ಸಾವಳಾರಾಮ ಲಕ್ಷ್ಮಣ ಹಳದಣಕರರು. 1918ರಲ್ಲಿ ಆರ್ಟ್ ಸೊಸೈಟಿ ಆಫ್ ಇಂಡಿಯಾ ಸಂಸ್ಥೆಯನ್ನು ಕಟ್ಟಿದವರಲ್ಲಿ ಅವರೂ ಒಬ್ಬರು. ದೀಪಾವಳಿಯ ಒಂದು ಸಂಜೆ ಮಗಳು ಗೀತಾ ದೀಪ ಹಿಡಿದು ನಿಂತದ್ದನ್ನು ಕಂಡು, ಅದನ್ನೇ ಚಿತ್ರವಾಗಿಸಬೇಕೆಂದು ಅವರಿಗೆ ತೋರಿತು. ಗುರುಗಳು 1968ರಲ್ಲಿ ಕಾಲವಾದರು. ದೀಪ ಹಿಡಿದ ಮಗಳು ಗೀತಾ ಉಪಳೇಕರ ಅವರು ಕೊಲ್ಹಾಪುರದಲ್ಲಿ ನೆಲೆಸಿ, 102 ವರ್ಷಗಳ ತುಂಬು ಬಾಳು ಬಾಳಿ 2018ರಲ್ಲಿ ತೀರಿಕೊಂಡರು. ಅಷ್ಟೂ ಕಾಲ ಮೈಸೂರಿನಲ್ಲಿ ಜನ ಆಕೆಯ ಮುಖವನ್ನು ನೋಡುತ್ತಲೇ ಇದ್ದರು, ತಂದೆಯ ಹೆಸರನ್ನು ಮಾತ್ರ ತಪ್ಪಾಗಿ ಹೇಳುತ್ತಿದ್ದರು.

ಎರಡನೆಯ ತಪ್ಪಿಗೆ ಬರೋಣ. ನೀರಿನ ಬಣ್ಣ ಶಾಲೆಯ ಮಕ್ಕಳ ಆಟ, ದೊಡ್ಡ ಚಿತ್ರವೆಂದರೆ ಎಣ್ಣೆಯ ಬಣ್ಣ ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ವಸ್ತುಸ್ಥಿತಿ ಹೀಗಿಲ್ಲ. ಬಣ್ಣದ ಪುಡಿಯನ್ನು ಗೋಂದಿನಲ್ಲಿ ಅರೆದು ಬಿಲ್ಲೆಯಾಗಿಯೋ ಕೊಳವೆಯಲ್ಲಿಯೋ ತುಂಬಿಡುತ್ತಾರೆ. ನೀರು ಬೆರೆತೊಡನೆ ಅದು ಕಾಗದದ ಮೇಲೆ ತೆಳ್ಳಗೆ ಹರಡುತ್ತದೆ. ತೈಲವರ್ಣದಲ್ಲಿ ಕತ್ತಲೆಯ ಮೇಲೆ ಬಿಳಿಯ ಬಣ್ಣ ಹಚ್ಚಿ ಬೆಳಕನ್ನು ತರಬಹುದು. ಪಾರದರ್ಶಕ ಜಲವರ್ಣದಲ್ಲಿ ಹಾಗೆ ತರಲು ಬಾರದು. ಅಲ್ಲಿ ಬೆಳಕೆಂದರೆ ಬಣ್ಣ ತಾಗದೆ ಉಳಿದ ಕಾಗದದ ಬಿಳುಪು. ಚಿತ್ರಕಾರ ಕುಂಚ ಎತ್ತುವ ಮೊದಲೇ ಬೆಳಕು ಎಲ್ಲಿ ಉಳಿಯಬೇಕೆಂದು ನಿಶ್ಚಯಿಸಿ, ತಿಳಿಯಿಂದ ಗಾಢಕ್ಕೆ ಮೆಲ್ಲಗೆ ಸಾಗಬೇಕು. ತೈಲವರ್ಣದವನು ಬೆಳಕನ್ನು ಖರ್ಚು ಮಾಡುತ್ತಾನೆ, ಜಲವರ್ಣದವನು ಉಳಿತಾಯ ಮಾಡುತ್ತಾನೆ ಎಂದು ನಮ್ಮ ವೃತ್ತಿಯ ಭಾಷೆಯಲ್ಲಿ ಹೇಳಬಹುದೇನೋ!

ತಪ್ಪು ತಿದ್ದುವ ಅವಕಾಶವೂ ಕಡಿಮೆ. ಕೈಬರಹದ ಲೆಡ್ಜರುಗಳ ಕಾಲದಲ್ಲಿ ಅಂಕಿ ತಪ್ಪಿದರೆ ಗೆರೆ ಎಳೆದು, ಪಕ್ಕದಲ್ಲಿ ಸರಿಯಂಕಿ ಬರೆದು, ಸಹಿ ಹಾಕಿದರಾಯಿತು. ಜಲವರ್ಣದಲ್ಲಿ ಆ ಗೆರೆಯೂ ಶಾಶ್ವತವಾಗಿ ಕಾಣಿಸುತ್ತದೆ. ಒಮ್ಮೆ ಕಲೆತ ಬಣ್ಣವನ್ನು ಮತ್ತೆ ಮತ್ತೆ ತಿಕ್ಕಿದರೆ ಚಿತ್ರ ಕೆಸರಾಗುತ್ತದೆ. ದೀಪದ ಹೆಣ್ಣಿನ ಕತ್ತಲೆಯ ಹಿನ್ನೆಲೆ, ಸೀರೆಯ ನೆರಿಗೆ, ಬೆರಳ ಸಂದಿನ ಕೆಂಪು ಎಲ್ಲವನ್ನೂ ಈ ಕಟ್ಟುಪಾಡಿನೊಳಗೆ ಸಾಧಿಸಿದ್ದಾರೆ ಎಂಬುದನ್ನು ಅರಿತರೆ ಹಳದಣಕರರ ಹಿರಿಮೆ ತಿಳಿಯುತ್ತದೆ.

ನೀರಿನಲ್ಲಿ ಕಲಸಿದ ಬಣ್ಣ ನಮ್ಮ ದೇಶಕ್ಕೆ ಹೊಸದಲ್ಲ. ಮೊಗಲರ, ರಾಜಪುತರ ಕಿರುಚಿತ್ರಗಳೂ ಗೋಂದು ಬೆರೆಸಿದ ಬಣ್ಣಗಳವೇ. ಆದರೆ ಅವುಗಳಲ್ಲಿ ಬಣ್ಣ ದಟ್ಟ, ಕಾಗದ ತೋರದು. ಕಾಗದ ತೋರುವ ಪಾರದರ್ಶಕ ಪದ್ಧತಿ ಬಂದದ್ದು ಇಂಗ್ಲಿಷರೊಂದಿಗೆ. ಕನ್ನಡ ನಾಡಿಗೆ ಅದು ಯುದ್ಧದ ಸರಂಜಾಮಿನೊಡನೆ ಬಂತೆಂಬುದು ಕುತೂಹಲದ ಸಂಗತಿ. ಟಿಪ್ಪು ಸುಲ್ತಾನನ ಮೇಲೆ ದಂಡೆತ್ತಿ ಬಂದ ಸೈನ್ಯದಲ್ಲಿ ಜೇಮ್ಸ್ ಹಂಟರ್ ಎಂಬ ಫಿರಂಗಿದಳದ ಅಧಿಕಾರಿಯಿದ್ದನು. ಅವನು ಚಿತ್ರಿಸಿದ ಮೈಸೂರು ಸೀಮೆಯ ದೃಶ್ಯಗಳು 1805ರ ವೇಳೆಗೆ ಲಂಡನ್ನಿನಲ್ಲಿ ಪುಸ್ತಕರೂಪದಲ್ಲಿ ಅಚ್ಚಾದವು. ಮುಂದೆ 1857ರಲ್ಲಿ ಸರ್ ಜೆ. ಜೆ. ಕಲಾಶಾಲೆ ಆರಂಭವಾದ ಮೇಲೆ ಈ ವಿದ್ಯೆ ಮುಂಬಯಿಯಲ್ಲಿ ನೆಲೆಯೂರಿತು. ಮಹಾದೇವ ವಿಶ್ವನಾಥ ಧುರಂಧರರು (1867-1944) ಇಲ್ಲಿಯ ಹೆಂಗಸರ ಉಡಿಗೆತೊಡಿಗೆಗಳನ್ನೂ ಬೀದಿಯ ಬಾಳನ್ನೂ ಬರೆದು, ಅಂಚೆ ಕಾರ್ಡುಗಳ ಮೂಲಕ ಮನೆಮನೆಗೆ ತಲುಪಿಸಿದರು.

ಈ ಕಥೆಯಲ್ಲಿ ಮೈಸೂರಿನ ಪಾಲು ಸಣ್ಣದಲ್ಲ. ಅರಮನೆಯ ಚಿತ್ರಗಾರರ ಮನೆತನದಲ್ಲಿ ಹುಟ್ಟಿದ ಕೆ. ವೆಂಕಟಪ್ಪನವರನ್ನು ನಾಲ್ವಡಿ ಕೃಷ್ಣರಾಜ ಒಡೆಯರು 1909ರಲ್ಲಿ ಕಲ್ಕತ್ತೆಗೆ ಕಳುಹಿಸಿದರು. ಅಲ್ಲಿ ಗುರುಗಳು ಅವನೀಂದ್ರನಾಥ ಠಾಕೂರರು. ಜಪಾನಿ ಕಲಾವಿದರ ಪರಿಚಯದಿಂದ ಠಾಕೂರರು ರೂಢಿಸಿದ್ದ 'ವಾಶ್' ಪದ್ಧತಿಯಲ್ಲಿ, ಬಣ್ಣ ಹಚ್ಚಿದ ಕಾಗದವನ್ನು ನೀರಿನಲ್ಲಿ ತೋಯಿಸಿ ಆರಿಸಿ, ಮತ್ತೆ ಬಣ್ಣ ಹಚ್ಚಿ, ಮಂಜು ಕವಿದಂತಹ ಮೃದುತ್ವ ತರುತ್ತಾರೆ. ವೆಂಕಟಪ್ಪನವರು ಅದನ್ನು ಕರಗತ ಮಾಡಿಕೊಂಡರು. ಆದರೆ ಊರಿಗೆ ಮರಳಿದ ಮೇಲೆ ಪುರಾಣಕಥೆಗಳಿಂದ ಪ್ರಕೃತಿಯ ಕಡೆಗೆ ತಿರುಗಿ, ಇಪ್ಪತ್ತು ಮೂವತ್ತರ ದಶಕಗಳಲ್ಲಿ ಊಟಿ, ಕೊಡೈಕನಾಲುಗಳ ಬೆಟ್ಟ, ಕೆರೆ, ಮೋಡಗಳನ್ನು ಜಲವರ್ಣದಲ್ಲಿ ಬರೆದರು. ಮಳೆಮೋಡ ಸರಿದು ಬೆಳಕೊಡೆಯುವ ಆ ಒಂದು ಗಳಿಗೆಯನ್ನು ಹಿಡಿಯಲು ಅವರು ತೋರಿದ ತಾಳ್ಮೆ ತಪಸ್ಸಿನಂತಹುದು. ವೀಣೆ ಶೇಷಣ್ಣನವರಲ್ಲಿ ವೀಣೆ ಕಲಿತ ಈ ಬ್ರಹ್ಮಚಾರಿ ಚಿತ್ರಕಾರರು 1965ರಲ್ಲಿ ತೀರಿಕೊಂಡರು. ಬೆಂಗಳೂರಿನ ಕಸ್ತೂರ್ಬಾ ರಸ್ತೆಯಲ್ಲಿ ಅವರ ಹೆಸರಿನ ಕಲಾಶಾಲೆಯಿದೆ. ಊರಿಗೆ ಹೋದಾಗ ನಮ್ಮವರು ಅಲ್ಲಿಗೆ ಹೋಗುವುದು ಅಪರೂಪವೆಂಬುದು ವ್ಯಸನದ ಸಂಗತಿ.

ಇನ್ನು ನಮ್ಮ ಕಾಲದ ಚಿತ್ರಕಾರರು. ಪುಣೆಯ ಮಿಲಿಂದ ಮುಳೀಕರು ಇಂಜಿನಿಯರಿಂಗ್ ಓದಿ ಚಿತ್ರಕಲೆಯನ್ನೇ ವೃತ್ತಿಯಾಗಿಸಿಕೊಂಡವರು. ಅಮರ ಚಿತ್ರಕಥೆಗೆ ಚಿತ್ರ ಬರೆದ ಪ್ರತಾಪ ಮುಳೀಕರು ಅವರ ತಂದೆ. ಹಳೆಯ ಪೇಟೆ, ಸೈಕಲ್ಲು, ಮಳೆಯಲ್ಲಿ ತೊಯ್ದ ರಸ್ತೆ, ಹಳ್ಳಿಯ ಓಣಿಯ ಬಿಸಿಲು ನೆರಳುಗಳು ಅವರ ವಸ್ತು. ಒದ್ದೆ ಕಾಗದದ ಮೇಲೆ ಒದ್ದೆ ಬಣ್ಣ ಬಿಟ್ಟು, ಅದು ತಾನಾಗಿ ಹರಿದು ಬೆರೆಯುವಷ್ಟು ಹೊತ್ತು ಕಾದು, ಆರಿದ ಮೇಲೆ ನಾಲ್ಕಾರು ಗಾಢ ಗೆರೆಗಳಿಂದ ಮನುಷ್ಯಾಕೃತಿಗಳನ್ನು ಎಬ್ಬಿಸುವುದು ಈ ಬಗೆಯ ಚಿತ್ರಗಳ ಕ್ರಮ. ಹತ್ತಿರದಿಂದ ಕಂಡದ್ದು ಬಣ್ಣದ ಚುಕ್ಕೆ, ನಾಲ್ಕು ಹೆಜ್ಜೆ ಹಿಂದೆ ಸರಿದರೆ ಕೊಡೆ ಹಿಡಿದು ನಡೆವ ಮನುಷ್ಯ!

ಬಂಗಾಳದಿಂದ ಬಂದು ಮುಂಬಯಿಯಲ್ಲಿ ನೆಲೆಸಿದ ಸಮೀರ ಮೊಂಡಲರ ದಾರಿ ಬೇರೆ. ಜಲವರ್ಣವೆಂದರೆ ಸಣ್ಣ ಹಾಳೆ, ಮಾಸಲು ಬಣ್ಣ ಎಂಬ ಗ್ರಹಿಕೆಯನ್ನು ಅವರು ಒಡೆದರು. ದೊಡ್ಡ ಅಳತೆ, ಉಜ್ವಲ ವರ್ಣ, ತುಂಬು ಮುಖಗಳು. 2007ರ 'ತಾರೇ ಜಮೀನ್ ಪರ್' ಹಿಂದೀ ಚಿತ್ರವನ್ನು ನೋಡಿದವರು ಅದರ ಕೊನೆಯಲ್ಲಿ ಬರುವ ಚಿತ್ರಗಳನ್ನು ನೆನಪಿಸಿಕೊಳ್ಳಲಿ, ಅವು ಇವರ ಕೈಯವು. ಕಾರ್ಕಳದಲ್ಲಿ ಹುಟ್ಟಿ ಮುಂಬಯಿಯಲ್ಲಿ ಬೆಳೆದ ವಾಸುದೇವ ಕಾಮತರು ಭಾವಚಿತ್ರಗಳಿಗೆ ವಿಶ್ವಖ್ಯಾತರಾದವರು. 2006ರಲ್ಲಿ ಪತ್ನಿಯ ಭಾವಚಿತ್ರಕ್ಕಾಗಿ ಅಮೆರಿಕದ ಡ್ರೇಪರ್ ಪ್ರಶಸ್ತಿ ಪಡೆದ ಇವರು, ತೈಲವರ್ಣದಲ್ಲಿ ಹೆಚ್ಚು ಹೆಸರಾಗಿದ್ದರೂ ನೀರಿನ ಬಣ್ಣವನ್ನು ಬಿಟ್ಟವರಲ್ಲ. ಇವರಂತಹವರು ನಮ್ಮ ನಡುವೆಯೇ ಇದ್ದಾರೆಂಬುದು ನಮಗೆ ಹೆಮ್ಮೆ ತರತಕ್ಕ ವಿಷಯ.

ಜಲವರ್ಣಕ್ಕೆ ಒಂದು ದೌರ್ಬಲ್ಯವುಂಟು. ಬಿಸಿಲು ತಾಗಿದರೆ ಅನೇಕ ಬಣ್ಣಗಳು ಮಾಸುತ್ತವೆ. ತೇವಕ್ಕೆ ಕಾಗದ ಕಂದುತ್ತದೆ. ಆದ್ದರಿಂದಲೇ ವಸ್ತುಸಂಗ್ರಹಾಲಯಗಳು ಕಾಗದದ ಚಿತ್ರಗಳಿಗೆ ಸುಮಾರು 50 ಲಕ್ಸ್‌ನಷ್ಟು ಮಂದ ಬೆಳಕನ್ನು ಮಾತ್ರ ಬಿಡುತ್ತವೆ. ಹತ್ತಿಯ ನಾರಿನ ಒಳ್ಳೆಯ ಕಾಗದ, ಗಾಜಿನ ಚೌಕಟ್ಟು, ಕಿಟಕಿಗೆ ದೂರವಾದ ಗೋಡೆ ಇವಿಷ್ಟಿದ್ದರೆ ಅದು ಎರಡು ಮೂರು ತಲೆಮಾರು ಬಾಳಬಲ್ಲುದು. ಚಿತ್ರವನ್ನು ಹೀಗೆ ಕಾಪಾಡಬಹುದು. ಬರೆದವನ ಹೆಸರನ್ನು ಕಾಪಾಡುವವರು ಯಾರು? ಅದು ಗಾಜಿನಿಂದ ಆಗುವ ಕೆಲಸವಲ್ಲ, ನೋಡುವವರ ಬಾಯಿಂದ ಆಗಬೇಕಾದದ್ದು.

ರಾಜ್ಯೋತ್ಸವದ ಈ ಸಂದರ್ಭದಲ್ಲಿ ನಮಗೆ ತೋಚುವುದಿಷ್ಟು. ನಾವು ಕನ್ನಡ ನಾಡಿನಿಂದ ಈ ನಗರಕ್ಕೆ ಬಂದವರು. ಆ ದೀಪದ ಹೆಣ್ಣು ಈ ನಗರದ ಚಿತ್ರಕಾರನ ಕೈಯಿಂದ ಕನ್ನಡ ನಾಡಿಗೆ ಹೋದವಳು. ಮೈಸೂರು ಆಕೆಯನ್ನು ಮನೆಮಗಳಂತೆ ಇಟ್ಟುಕೊಂಡಿದೆ. ಪರವೂರಿನಲ್ಲಿ ನಮ್ಮ ಹೆಸರನ್ನು ಯಾರಾದರೂ ತಪ್ಪಾಗಿ ಕರೆದರೆ ನಮಗೆ ಎಷ್ಟು ನೋವಾಗುತ್ತದೆಂಬುದನ್ನು ಬಲ್ಲ ನಾವು, ಆಕೆಯ ತಂದೆಯ ಹೆಸರನ್ನು ಸರಿಯಾಗಿ ಹೇಳಲು ಕಲಿಯಬೇಡವೆ?

ಆ ಸಂಜೆ ಮನೆಗೆ ಹೋಗಿ ಮಗಳನ್ನು ಕರೆದು, "ಪುಟ್ಟಿ, ಅಪ್ಪ ಅವತ್ತು ತಪ್ಪು ಹೇಳಿದ್ದೆ" ಎಂದು ನಡೆದುದನ್ನು ತಿಳಿಸಿದೆವು. ಅವಳು ಗೋಡೆಯ ಮೇಲಿನ ಅಚ್ಚಿನ ಪ್ರತಿಯನ್ನು ಕೆಳಗಿಳಿಸಲು ಹೇಳಿ, ಅದರ ಹಿಂದಿನ ರಟ್ಟಿನ ಮೇಲೆ ಪೆನ್ಸಿಲಿನಿಂದ "ಹಳದಣಕರ" ಎಂದು ಬರೆದಳು. ಮರುವಾರ ಬಣ್ಣದ ಪೆಟ್ಟಿಗೆ ಕೇಳಿದಳು, ಕೊಡಿಸಿದ್ದೇವೆ. ಈಗ ನಮ್ಮ ಮನೆಯಲ್ಲಿ ಆಕಾಶವೆಲ್ಲ ಕೆಸರಿನ ಬಣ್ಣ. ಕಾಗದದ ಬಿಳುಪನ್ನು ಉಳಿಸುವುದನ್ನು ಅವಳಿನ್ನೂ ಕಲಿಯಬೇಕಾಗಿದೆ.