ಗೈಗ್ಯಾಕ್ಸ್‌ನ ಕಪಾಟಿನಲ್ಲಿ ಟೋಲ್ಕಿನ್ ಎಲ್ಲಿದ್ದ?

1974ರ ಜನವರಿಯಲ್ಲಿ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಎಂಬ ಸಣ್ಣ ಊರಿನಿಂದ ಒಂದು ಪೆಟ್ಟಿಗೆ ಮಾರಾಟಕ್ಕೆ ಬಂತು. ಒಳಗೆ ಮೂರು ತೆಳ್ಳನೆಯ ಪುಸ್ತಿಕೆಗಳು, ಬೆಲೆ 10 ಡಾಲರ್. ಮೊದಲ ಮುದ್ರಣದ 1000 ಪ್ರತಿಗಳು ವರ್ಷದೊಳಗೆ ಖರ್ಚಾದವು. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಸೇರಿ ರೂಪಿಸಿದ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಎಂಬ ಈ ಆಟದಲ್ಲಿ ನಾಲ್ಕಾರು ಜನ ಮೇಜಿನ ಸುತ್ತ ಕೂತು, ತಲೆಗೊಂದು ಪಾತ್ರ ಹಿಡಿದು, ದಾಳ ಉರುಳಿಸುತ್ತ ಕತೆ ಕಟ್ಟುತ್ತಾರೆ. ಇವತ್ತು ಕಂಪ್ಯೂಟರಿನಲ್ಲೂ ಮೊಬೈಲಿನಲ್ಲೂ ಪಾತ್ರದ 'ಲೆವೆಲ್' ಏರಿಸುವ ಆಟಗಳ ವಂಶಾವಳಿ ಬಹುಮಟ್ಟಿಗೆ ಇಲ್ಲಿಗೇ ಬಂದು ನಿಲ್ಲುತ್ತದೆ. ಎಲ್ಫ್, ಡ್ವಾರ್ಫ್, ಆರ್ಕ್‌ಗಳು ಓಡಾಡುವುದರಿಂದ ಇದು ಟೋಲ್ಕಿನ್‌ನ 'ದಿ ಲಾರ್ಡ್ ಆಫ್ ದಿ ರಿಂಗ್ಸ್' ಕಾದಂಬರಿಯ ಕೂಸು ಎಂಬ ಮಾತು ರೂಢಿಯಲ್ಲಿದೆ. ಈ ಮಾತು ಅರ್ಧ ಮಾತ್ರ ನಿಜ. ಪಾತ್ರಗಳ ವೇಷಭೂಷಣ ಟೋಲ್ಕಿನ್‌ನದು. ಆಟವನ್ನು ನಡೆಸುವ ನಿಯಮಗಳು ಮಾತ್ರ ಅಗ್ಗದ ಕಾಗದದ ಕತೆಪತ್ರಿಕೆಗಳ ಲೋಕದಿಂದ, ಯುದ್ಧದಾಟದ ಮೇಜಿನಿಂದ ಬಂದವು.

ಗೈಗ್ಯಾಕ್ಸ್ ತನ್ನ ಸಾಲವನ್ನು ಮುಚ್ಚಿಟ್ಟವನಲ್ಲ. 1979ರಲ್ಲಿ ಬಂದ 'ಡಂಜನ್ ಮಾಸ್ಟರ್ಸ್ ಗೈಡ್' ಪುಸ್ತಕದ ಕೊನೆಯಲ್ಲಿ 'ಅಪೆಂಡಿಕ್ಸ್ ಎನ್' ಎಂಬ ಅನುಬಂಧ ಸೇರಿಸಿ, ತನಗೆ ಸ್ಫೂರ್ತಿ ಕೊಟ್ಟ ಲೇಖಕರ ಪಟ್ಟಿ ಕೊಟ್ಟ. ಟೋಲ್ಕಿನ್ ಆ ಪಟ್ಟಿಯಲ್ಲಿದ್ದಾನೆ. ಆದರೆ ನೇರ ಪ್ರಭಾವ ಬೀರಿದವರೆಂದು ಬೇರೆಯಾಗಿ ಎತ್ತಿ ಹೇಳಿದ್ದು ಡಿ ಕ್ಯಾಂಪ್ ಮತ್ತು ಪ್ರ್ಯಾಟ್ ಜೋಡಿ, ರಾಬರ್ಟ್ ಹೋವರ್ಡ್, ಫ್ರಿಟ್ಜ್ ಲೈಬರ್, ಜ್ಯಾಕ್ ವ್ಯಾನ್ಸ್, ಲವ್‌ಕ್ರಾಫ್ಟ್, ಮೆರಿಟ್ ಎಂಬ ಕತೆಪತ್ರಿಕೆ ಲೇಖಕರನ್ನು. ವ್ಯಾನ್ಸ್ ಒಬ್ಬನನ್ನೇ ತೆಗೆದುಕೊಳ್ಳಿ. 1950ರ ಅವನ 'ದಿ ಡೈಯಿಂಗ್ ಅರ್ಥ್' ಪುಸ್ತಕದಲ್ಲಿ ಮಜೀರಿಯನ್ ಎಂಬ ಮಾಂತ್ರಿಕ ಬರುತ್ತಾನೆ. ಎಷ್ಟೇ ಸಾಧನೆ ಮಾಡಿದರೂ ಅವನ ತಲೆಯಲ್ಲಿ ಹಿಡಿಯುವುದು ನಾಲ್ಕು ದೊಡ್ಡ ಮಂತ್ರ, ಇಲ್ಲವೇ ಆರು ಸಣ್ಣ ಮಂತ್ರ. ಒಮ್ಮೆ ಪ್ರಯೋಗಿಸಿದರೆ ಮಂತ್ರ ಮರೆತೇ ಹೋಗುತ್ತದೆ, ಮತ್ತೆ ಪುಸ್ತಕ ತೆರೆದು ಕಂಠಪಾಠ ಮಾಡಬೇಕು. ಗೈಗ್ಯಾಕ್ಸ್‌ನ ಆಟದಲ್ಲಿ ಮೊದಲ ಹಂತದ ಮಾಂತ್ರಿಕನಿಗೆ ದಿನಕ್ಕೆ ಒಂದೇ ಮಂತ್ರ, ಬಳಸಿದರೆ ಮುಗಿಯಿತು. ಟೋಲ್ಕಿನ್‌ನ ಮಾಂತ್ರಿಕ ಗ್ಯಾಂಡಾಲ್ಫ್‌ನನ್ನು ಇಂಥ ಲೆಕ್ಕಕ್ಕೆ ಕೂರಿಸುವುದು ಆಗದ ಕೆಲಸ. ಆಟಕ್ಕೆ ಬೇಕಾದದ್ದು ಮಿತಿ, ಆ ಮಿತಿ ಸಿಕ್ಕಿದ್ದು ವ್ಯಾನ್ಸ್‌ನಲ್ಲಿ.

ಇದಕ್ಕಿಂತ ಗಟ್ಟಿಯಾದ ಸಾಕ್ಷಿ ದುಡ್ಡಿನದು. 1974ರ ನಿಯಮದ ಪ್ರಕಾರ ಪಾತ್ರ ಮೇಲಿನ ಹಂತಕ್ಕೆ ಏರಲು ಬೇಕಾದ ಅನುಭವದ ಅಂಕ ಬರುವುದು ರಾಕ್ಷಸರನ್ನು ಕೊಂದದ್ದಕ್ಕೆ ಮಾತ್ರವಲ್ಲ, ನೆಲಮಾಳಿಗೆಯಿಂದ ಹೊತ್ತು ತಂದ ಚಿನ್ನಕ್ಕೂ ಬರುತ್ತದೆ. ಒಂದು ನಾಣ್ಯಕ್ಕೆ ಒಂದು ಅಂಕದ ಲೆಕ್ಕ. ಟೋಲ್ಕಿನ್‌ನ ನಾಯಕ ಫ್ರೋಡೋ ಊರು ಬಿಟ್ಟು ಹೊರಟಿದ್ದು ಕೈಯಲ್ಲಿದ್ದ ಉಂಗುರವನ್ನು ನಾಶ ಮಾಡಲು. ಹೋವರ್ಡ್‌ನ ಕೋನನ್, ಲೈಬರ್‌ನ ಕಳ್ಳ ಗೆಳೆಯರಾದ ಫಾಫರ್ಡ್ ಮತ್ತು ಗ್ರೇ ಮೌಸರ್ ಹೊರಡುವುದು ಪಾಳುಗುಡಿಯಲ್ಲಿ ಹೂತ ರತ್ನ ಎಗರಿಸಿ, ಪೇಟೆಗೆ ಬಂದು ಕುಡಿದು ಕಳೆಯಲು. ಆಟದ ಜಮಾಖರ್ಚು ಯಾರ ಬದುಕನ್ನು ಹೋಲುತ್ತದೆ ಎಂಬುದಕ್ಕೆ ವಿವರಣೆ ಬೇಕಿಲ್ಲ.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ, ಸಣ್ಣದೇನಲ್ಲ. ಆಟದ ಮೊದಲ ಮುದ್ರಣಗಳಲ್ಲಿ ಟೋಲ್ಕಿನ್‌ನ ಹಾಬಿಟ್, ಎಂಟ್, ಬಾಲ್ರಾಗ್ ಎಂಬ ಹೆಸರುಗಳೇ ಇದ್ದವು. ಟೋಲ್ಕಿನ್ ಕೃತಿಗಳ ಹಕ್ಕುದಾರರ ಕಡೆಯಿಂದ 1977ರಲ್ಲಿ ಕಾನೂನಿನ ಬೆದರಿಕೆ ಬಂದ ಮೇಲೆ ಹಾಬಿಟ್ ಹೋಗಿ 'ಹಾಫ್ಲಿಂಗ್' ಬಂತು. ಹಾಗಿದ್ದರೆ 1979ರ ಪಟ್ಟಿಯಲ್ಲಿ ಟೋಲ್ಕಿನ್‌ನನ್ನು ಹಿಂದಕ್ಕೆ ತಳ್ಳಿದ್ದು ವಕೀಲರ ಭಯದಿಂದಲೇ ಇರಬಹುದಲ್ಲ? ಇರಬಹುದು. ಲಾಭನಷ್ಟ ಇರುವವನ ಸ್ವಂತ ಹೇಳಿಕೆಯೊಂದನ್ನೇ ನಂಬಿ ಚರಿತ್ರೆ ಬರೆಯಬಾರದು. ಆದರೆ 1974ರ ಪೆಟ್ಟಿಗೆಯ ಮುನ್ನುಡಿಗೆ 1973ರ ನವೆಂಬರ್ 1ರ ದಿನಾಂಕವಿದೆ, ಆಗ ಬೆದರಿಕೆಯೂ ಇರಲಿಲ್ಲ, ಕಳೆದುಕೊಳ್ಳಲು ದುಡ್ಡೂ ಇರಲಿಲ್ಲ. ಅಲ್ಲಿ ಹೆಸರಿಸಿದ್ದು ಬರೋಸ್‌ನ ಮಂಗಳಗ್ರಹದ ಸಾಹಸಗಳನ್ನು, ಕೋನನ್‌ನನ್ನು, ಡಿ ಕ್ಯಾಂಪ್-ಪ್ರ್ಯಾಟ್‌ರನ್ನು, ಲೈಬರ್‌ನನ್ನು. ಟೋಲ್ಕಿನ್ ಇಲ್ಲ. ಅದಕ್ಕೂ ಹಿಂದಿನ, 1971ರ 'ಚೈನ್‌ಮೇಲ್' ಯುದ್ಧದಾಟದ ಪುರವಣಿಯಲ್ಲಿ ಅವನ ಹೆಸರು ಹೋವರ್ಡ್‌ನ ಜೊತೆಗೇ ಇದೆ ಎಂಬುದನ್ನೂ ಒಪ್ಪಬೇಕು. ಓದುಗರು ಟೋಲ್ಕಿನ್ ಹುಚ್ಚಿನಲ್ಲಿದ್ದ ಕಾಲ ಅದು. ಆದರೆ ಅದೇ ಪುರವಣಿಯಲ್ಲಿ ಮಾಂತ್ರಿಕ ಎಸೆಯುವ ಬೆಂಕಿಯ ಚೆಂಡಿನ ಪೆಟ್ಟು ದೊಡ್ಡ ಕವಣೆಯಂತ್ರದ ಪೆಟ್ಟಿಗೆ ಸಮ. ಹೆಸರು ಕಾದಂಬರಿಯದು, ಲೆಕ್ಕ ಫಿರಂಗಿದಳದ್ದು.

ಎಲ್ಲವನ್ನೂ ಗೈಗ್ಯಾಕ್ಸ್‌ನ ಓದಿಗೇ ಕಟ್ಟುವುದೂ ತಪ್ಪು. ಪಾತ್ರಕ್ಕೆ ಇಷ್ಟು ಪೆಟ್ಟು ತಾಳುವ ಅಂಕ ಎಂಬ ಕಲ್ಪನೆಯನ್ನು ಆರ್ನೆಸನ್ ತಂದಿದ್ದು ಕಬ್ಬಿಣದ ಹಡಗುಗಳ ಕಾಳಗದ ಆಟದಿಂದ. 1975ರ 'ಗ್ರೇಹಾಕ್' ಪುರವಣಿಯಲ್ಲಿ ಬರುವ ಗೂಬೆಮುಖದ ಕರಡಿಗೂ, ತುಕ್ಕು ಹಿಡಿಸುವ ವಿಚಿತ್ರ ಜೀವಿಗೂ ಯಾವ ಗ್ರಂಥದ ಆಧಾರವಿಲ್ಲ. ಚಿಲ್ಲರೆ ಅಂಗಡಿಯಲ್ಲಿ ಚೀಲಕ್ಕಿಷ್ಟು ಎಂದು ಸಿಗುತ್ತಿದ್ದ ಹಾಂಗ್‌ಕಾಂಗ್ ಪ್ಲಾಸ್ಟಿಕ್ ಬೊಂಬೆಗಳೇ ಅವುಗಳ ಮೂಲ. ನಮ್ಮ ರಾಕ್ಷಸನೂ ಆ ಆಟದಲ್ಲಿದ್ದಾನೆ, ಹುಲಿಮೋರೆ ಹೊತ್ತು, ಬಾಯಲ್ಲಿ ಪೈಪು ಕಚ್ಚಿಕೊಂಡು. ಯಕ್ಷಗಾನದ ಬಣ್ಣದ ವೇಷ ನೋಡಿದವರಿಗೆ ನಗು ಬರುವಂಥ ಚಿತ್ರ. ನಂಬಿಕಸ್ಥರ ರೂಪ ತಾಳಿ ಹತ್ತಿರ ಬರುವ ಅವನ ಮಾಯೆಗೆ ಮಾರೀಚನ ಕಡೆಯ ನಂಟಿದೆ ಎನ್ನೋಣ. ಆದರೆ ಮಂತ್ರಿಸಿದ ಅಡ್ಡಬಿಲ್ಲಿನ ಬಾಣ ತಾಗಿದರೆ ಅವನು ಸಾಯುತ್ತಾನೆಂಬ ನಿಯಮ ಯಾವ ರಾಮಾಯಣದಲ್ಲೂ ಇಲ್ಲ. ಅದು 1974ರಲ್ಲಿ ಅಮೆರಿಕದ ಟಿ.ವಿ.ಯಲ್ಲಿ ಬಂದ 'ಕೋಲ್ಚಾಕ್' ಎಂಬ ಭಯಾನಕ ಧಾರಾವಾಹಿಯ ಒಂದು ಕಂತಿನಿಂದ ಬಂದದ್ದು. ಇಲ್ಲೂ ಹೆಸರು ದೂರದ ಮಹಾಕಾವ್ಯದ್ದು, ನಿಯಮ ಮನೆಯ ಟಿ.ವಿ.ಯದ್ದು. ಇಷ್ಟಾದ ಮೇಲೂ ಟೋಲ್ಕಿನ್‌ನ ಪಕ್ಷ ಹಿಡಿಯುವವರು 'ಡಂಜನ್ ಮಾಸ್ಟರ್ಸ್ ಗೈಡ್'ನಲ್ಲಿ 'ಅಪೆಂಡಿಕ್ಸ್ ಎನ್' ಇರುವ 224ನೇ ಪುಟ ತೆರೆದು, ಪಕ್ಕದಲ್ಲಿ ವ್ಯಾನ್ಸ್‌ನ ಪುಸ್ತಕ ಇಟ್ಟುಕೊಂಡು ಒಮ್ಮೆ ಓದಿ ನೋಡಲಿ.