ಹಿತ್ತಿಲ ಬಾಗಿಲಿನ ಇತಿಹಾಸ

ಬಾದಾಮಿ ಎಂದೊಡನೆ ಮೇಣಬಸದಿಗಳು ಕಣ್ಣೆದುರು ನಿಲ್ಲುತ್ತವೆ. ಇಳಕಲ್ಲ ಎಂದರೆ ಕೆಂಪು ಸೆರಗಿನ ಸೀರೆ. ಹುನಗುಂದ ಎಂದರೆ ಆ ತಾಲೂಕಿನ ಕೂಡಲಸಂಗಮ. ಬಾಗಲಕೋಟೆ ಎಂದರೆ ಘಟಪ್ರಭೆಯ ದಂಡೆಯ ಹಳೆಯ ಪೇಟೆ, ಅದರ ಮುಳುಗಡೆ. ಊರುಗಳ ಚರಿತ್ರೆಯನ್ನು ನಾವು ಹೀಗೆ ಮುಂಬಾಗಿಲಿನಿಂದಲೇ ಒಳಹೊಕ್ಕು ನೋಡುವುದು ರೂಢಿ. ಆದರೆ ಪ್ರತಿಯೊಂದು ಪೇಟೆಗೂ ಒಂದು ಹಿತ್ತಿಲ ಬಾಗಿಲು ಇತ್ತು. ಬೆಳಗಿನ ಜಾವ ಆ ಬಾಗಿಲಿಗೆ ಯಾರು ಬಂದರು, ಏನನ್ನು ಹೊತ್ತು ಹೋದರು ಎಂಬುದನ್ನು ಕಲ್ಲಿನ ಮೇಲೆ ಕೊರೆದಿಟ್ಟವರಿಲ್ಲ.

ಹಳೆಯ ಪೇಟೆಗಳಲ್ಲಿ ಅನುಕೂಲಸ್ಥರ ಮನೆಯ ಸಂಡಾಸು ಹಿತ್ತಿಲ ಕೊನೆಯಲ್ಲಿರುತ್ತಿತ್ತು. ನೀರು ಹಾಯಿಸುವ ಏರ್ಪಾಟಿಲ್ಲದೆ, ಕೆಳಗೆ ಡಬ್ಬಿಯನ್ನೋ ಬುಟ್ಟಿಯನ್ನೋ ಇಟ್ಟ ಒಣ ಸಂಡಾಸು ಅದು. ಅದರ ಹಿಂಬದಿಗೆ ಒಂದು ಕಿರುಬಾಗಿಲು; ಬಾಗಿಲಾಚೆ ಒಂದು ಇಕ್ಕಟ್ಟಾದ ಸಂದಿ. ಬಳಿಯುವವರು ಮನೆಯೊಳಗೆ ಕಾಲಿಡದೆ, ಮನೆಯವರ ಕಣ್ಣಿಗೆ ಬೀಳದೆ ಕೆಲಸ ಮುಗಿಸಿ ಹೋಗಬೇಕೆಂಬುದೇ ಈ ರಚನೆಯ ಸೂತ್ರ. ಜಾತಿಯ ನಿಯಮವು ಕಲ್ಲುಮಣ್ಣಿನಲ್ಲಿ ಹೀಗೆ ಆಕಾರ ಪಡೆಯಿತು. ಮುಂಬಯಿ ಪ್ರಾಂತದ 1901ರ ಜಿಲ್ಲಾ ಮುನಿಸಿಪಲ್ ಕಾಯಿದೆ ಖಾಸಗಿ ಸಂಡಾಸುಗಳನ್ನು ಶುಚಿಗೊಳಿಸುವುದಕ್ಕಾಗಿ ಮನೆಯವರಿಂದ ವಿಶೇಷ ಕರ ಎತ್ತುವ ಅಧಿಕಾರವನ್ನು ಪುರಸಭೆಗಳಿಗೆ ಕೊಟ್ಟಿತು. ಮನೆಯವರು ಕರ ತೆತ್ತರು, ಪುರಸಭೆ ಕೆಲಸ ಮಾಡಿಸಿತು. ಹೊತ್ತವರು ಮಾತ್ರ ಹೊತ್ತೇ ಇದ್ದರು.

ಇಂದಿನ ಬಾಗಲಕೋಟೆ ಜಿಲ್ಲೆ 1997ರಲ್ಲಿ ಹುಟ್ಟಿದ್ದು. ಅದಕ್ಕೆ ಮೊದಲು ಇದು ವಿಜಾಪುರ ಜಿಲ್ಲೆಯ ಭಾಗ. 1956ರ ಏಕೀಕರಣದವರೆಗೆ ಮುಂಬಯಿ ರಾಜ್ಯಕ್ಕೆ ಸೇರಿದ ನಾಡು. ಆ ರಾಜ್ಯ ಸರಕಾರವೇ 1949ರಲ್ಲಿ ವಿ.ಎನ್. ಬರ್ವೆ ಅವರ ಅಧ್ಯಕ್ಷತೆಯಲ್ಲಿ ಮಲ ಬಳಿಯುವವರ ಬದುಕನ್ನು ವಿಚಾರಿಸಲು ಸಮಿತಿಯೊಂದನ್ನು ನೇಮಿಸಿತು. ಅದರ ವರದಿ 1952ರಲ್ಲಿ ಬಂತು. 1955ರಲ್ಲಿ ಕೇಂದ್ರ ಗೃಹ ಇಲಾಖೆ ಅದರ ಶಿಫಾರಸುಗಳನ್ನು ಎಲ್ಲ ರಾಜ್ಯಗಳಿಗೂ ಕಳಿಸಿತು. 1957ರಲ್ಲಿ ಎನ್.ಆರ್. ಮಲ್ಕಾನಿ ಅವರ ಸಮಿತಿ ಬಂತು. ತಲೆಯ ಮೇಲಿನ ಬುಟ್ಟಿ ಹೋಗಿ ತಳ್ಳುಗಾಡಿ ಬರಲಿ, ಬರಿಗೈಗೆ ಕೈಚೀಲ ಬರಲಿ ಎಂಬುದು ಆ ಕಾಲದ ಸುಧಾರಣೆಯ ಮುಖ್ಯ ಧ್ವನಿ. ಆಶಯ ಒಳ್ಳೆಯದೇ. ಆದರೆ ಆ ಕೆಲಸ ಅದೇ ಜನರದೇ ಏಕಾಗಿರಬೇಕೆಂಬ ಪ್ರಶ್ನೆಗೆ ತಳ್ಳುಗಾಡಿಯಲ್ಲಿ ಉತ್ತರವಿರಲಿಲ್ಲ.

ಸಾಹಿತ್ಯಾಸಕ್ತರಾದ ನಮಗೆ ಇಲ್ಲಿ ಒಂದು ಹೆಸರು ನೆನಪಾಗಬೇಕು. ಬಿ. ಬಸವಲಿಂಗಪ್ಪನವರನ್ನು ನಾವು ನೆನೆಯುವುದು ಒಂದೇ ಒಂದು ಮಾತಿನಿಂದ. 1973ರ ನವೆಂಬರಿನಲ್ಲಿ ಮೈಸೂರಿನ ಸಭೆಯೊಂದರಲ್ಲಿ ಅವರು ಕನ್ನಡ ಸಾಹಿತ್ಯದ ಬಹುಪಾಲನ್ನು ಬೂಸಾ ಎಂದರು. ಅದರಿಂದೆದ್ದ ಗಲಭೆಯಲ್ಲಿ ಮಂತ್ರಿಪದವಿಯನ್ನು ಬಿಟ್ಟರು. ಆ ಮಾತಿನ ಯುಕ್ತಾಯುಕ್ತತೆಯನ್ನು ಕುರಿತು ಇಂದಿಗೂ ಚರ್ಚೆಯಾಗುತ್ತದೆ. ಆದರೆ ದೇವರಾಜ ಅರಸರ ಸಂಪುಟದಲ್ಲಿ ಪೌರಾಡಳಿತದ ಹೊಣೆ ಹೊತ್ತಿದ್ದ ಅವರೇ ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ಈ ರಾಜ್ಯದಲ್ಲಿ ನಿಷೇಧಿಸಿದವರು ಎಂಬುದನ್ನು ಎಷ್ಟು ಜನ ಓದುಗರು ಬಲ್ಲರು? ಸಾಹಿತ್ಯದ ಮೇಲೆ ಬಿದ್ದ ಒಂದು ಶಬ್ದ ನಮ್ಮನ್ನು ಬೀದಿಗಿಳಿಸಿತು. ಮನುಷ್ಯನ ತಲೆಯಿಂದ ಕೆಳಗಿಳಿದ ಬುಟ್ಟಿಯ ಸದ್ದು ನಮಗೆ ಕೇಳಿಸಲಿಲ್ಲ. ಅದೇ ಕಾಲದಲ್ಲಿ ನೇಮಕಗೊಂಡ ಐ.ಪಿ.ಡಿ. ಸಾಲಪ್ಪನವರ ಸಮಿತಿ 1976ರಲ್ಲಿ ವರದಿ ಕೊಟ್ಟಿತು. ಐನೂರು ಜನಸಂಖ್ಯೆಗೆ ಒಬ್ಬ ಕಾರ್ಮಿಕನಾದರೂ ಇರಬೇಕೆಂಬ ಅದರ ಮಾತನ್ನು ಪೌರಕಾರ್ಮಿಕರ ಸಂಘಟನೆಗಳು ದಶಕಗಳ ಕಾಲ ಸರಕಾರದ ಮುಂದೆ ಇಡುತ್ತ ಬಂದಿವೆ.

ಕೂಡಲಸಂಗಮದ ನೆಲದಲ್ಲಿ ನಿಂತು ಈ ವಿಷಯವನ್ನು ಮಾತನಾಡುವಾಗ ಕಾಯಕವೆಂಬ ಶಬ್ದ ತಾನಾಗಿ ನಾಲಗೆಗೆ ಬರುತ್ತದೆ. ಕಸಗುಡಿಸುವ ಕಾಯಕದ ಸತ್ಯಕ್ಕನನ್ನು ಶರಣರು ತಮ್ಮ ಸಮಾನಳೆಂದು ಗೌರವಿಸಿದರು. ಆದರೆ ಈ ಶಬ್ದವನ್ನು ಬಳಸುವಾಗ ಎಚ್ಚರ ಬೇಕು. ಕಾಯಕವು ಮನಸ್ಸಿಟ್ಟು ಕೈಗೊಳ್ಳುವಂಥದು. ಹುಟ್ಟಿನಿಂದ ತಲೆಗೆ ಕಟ್ಟಿದ್ದು ಕಾಯಕವಲ್ಲ, ಕಟ್ಟಳೆ. ಮಲ ಬಳಿಯುವವರನ್ನು ಕಾಯಕಯೋಗಿಗಳೆಂದು ಹೊಗಳಿ ಆ ಕೆಲಸದಲ್ಲಿಯೇ ಉಳಿಸುವುದು ಶರಣರ ಮಾತಿಗೆ ನಾವು ಮಾಡುವ ಅಪಚಾರ.

ಬುಟ್ಟಿ ಹೋದ ಮೇಲೆ ಕೊಳವೆ ಬಂತು. ಆಲಮಟ್ಟಿಯ ಹಿನ್ನೀರಿಗೆ ಹಳೆಯ ಪೇಟೆಯ ಭಾಗಗಳನ್ನು ಬಿಟ್ಟುಕೊಟ್ಟ ಬಾಗಲಕೋಟೆ, ಸೆಕ್ಟರುಗಳಾಗಿ ಅಳೆದು ಕಟ್ಟಿದ ನವನಗರಕ್ಕೆ ನಡೆಯಿತು. ಅಲ್ಲಿ ಬಳಿಯುವವರಿಗೆಂದು ಬಿಟ್ಟ ಸಂದಿಗಳ ಅಗತ್ಯವೇ ಉಳಿಯಲಿಲ್ಲ. ಒಂದು ಇಡೀ ಊರು ತನ್ನ ಹಿತ್ತಿಲ ಬಾಗಿಲನ್ನು ಹಿಂದೆ ಬಿಟ್ಟು ಹೊರಟಿತೆಂದೇ ಹೇಳಬಹುದು. ಆದರೆ ಎಲ್ಲ ಊರುಗಳಲ್ಲಿಯೂ ಆ ಬಾಗಿಲು ನೆಲಕ್ಕಿಳಿದು, ಮ್ಯಾನ್‌ಹೋಲಿನ ಮುಚ್ಚಳವಾಗಿ, ಶೌಚಗುಂಡಿಯ ಕಲ್ಲುಚಪ್ಪಡಿಯಾಗಿ ಉಳಿದುಕೊಂಡಿದೆ. ಮುಚ್ಚಿದ ಗುಂಡಿಯಲ್ಲಿ ಮಲ ಕೊಳೆತಾಗ ಹೈಡ್ರೋಜನ್ ಸಲ್ಫೈಡ್ ಎಂಬ ಅನಿಲ ಹುಟ್ಟುತ್ತದೆ. ಅಲ್ಪ ಪ್ರಮಾಣದಲ್ಲಿ ಅದು ಕೊಳೆತ ಮೊಟ್ಟೆಯಂತೆ ನಾರುತ್ತದೆ. ಪ್ರಮಾಣ ಹೆಚ್ಚಿದರೆ ಮೂಗಿನ ಶಕ್ತಿಯನ್ನೇ ಅಡಗಿಸುತ್ತದೆ. ನಾತವಿಲ್ಲವೆಂದು ನಂಬಿ ಇಳಿದವನು ಕುಸಿಯುತ್ತಾನೆ. ಅವನನ್ನು ಎತ್ತಲು ಇಳಿದವನೂ ಕುಸಿಯುತ್ತಾನೆ. ಬುಟ್ಟಿಯ ಕಾಲದಲ್ಲಿ ಈ ಕೆಲಸ ಮಾನವನ್ನು ಕಳೆಯುತ್ತಿತ್ತು. ಗುಂಡಿಯ ಕಾಲದಲ್ಲಿ ಪ್ರಾಣವನ್ನೂ ಕೇಳತೊಡಗಿತು.

ಹೊಲಸು ಮನೆಯೊಳಗೇ ನುಗ್ಗಿದಾಗಲಂತೂ ಈ ಪ್ರಶ್ನೆ ಅಂಗಳ ದಾಟಿ ನಡುಮನೆಗೆ ಬರುತ್ತದೆ. 2009ರ ಸೆಪ್ಟೆಂಬರ್ ಕೊನೆಯ ಮಳೆಯಲ್ಲಿಯೂ 2019ರ ಆಗಸ್ಟಿನಲ್ಲಿಯೂ ಮಲಪ್ರಭೆ ಉಕ್ಕಿದುದನ್ನು ಬಾದಾಮಿ, ಹುನಗುಂದ ಸೀಮೆಯವರು ಮರೆಯಲಾರರು. ಎರಡನೆಯ ಸಲ ಪಟ್ಟದಕಲ್ಲಿನ ಗುಡಿಗಳೂ ನೀರಿನಲ್ಲಿ ನಿಂತವು. ನೆರೆಯ ನೀರೆಂದರೆ ಬರಿಯ ನದಿಯ ನೀರಲ್ಲ. ಗಟಾರವೂ ಗುಂಡಿಯೂ ಅದರಲ್ಲಿ ಕಲೆತಿರುತ್ತವೆ. ಇಳಕಲ್ಲಿನ ನೇಕಾರರ ಕುಣಿಮಗ್ಗದಲ್ಲಿ ನೇಯುವವರು ಕಾಲಿಳಿಬಿಡುವ ಕುಣಿ ಮನೆಯ ನೆಲದಲ್ಲಿಯೇ ಇರುತ್ತದೆ. ಕೊಳಚೆ ಒಳಬಂದರೆ ಮೊದಲು ತುಂಬುವುದು ಅದೇ, ಕೆಡುವುದು ಆ ದಿನದ ಅನ್ನವೇ. ಇಂಥ ಕೊಳಚೆಯಲ್ಲಿ ವಾಂತಿಭೇದಿ, ವಿಷಮಶೀತಜ್ವರ, ಕಾಮಾಲೆಗಳ ಬೀಜಗಳಿರುತ್ತವೆ. ಇದನ್ನು ಶುಚಿಗೊಳಿಸುವುದು ಕಲಿಯಬೇಕಾದ ವಿದ್ಯೆ. ಮೊದಲು ಸೋರುವ ಮೂಲವನ್ನು ಕಟ್ಟಬೇಕು, ವಿದ್ಯುತ್ತನ್ನು ನಿಲ್ಲಿಸಬೇಕು, ಕಿಟಕಿ ಬಾಗಿಲು ತೆರೆಯಬೇಕು. ರಬ್ಬರಿನ ಬೂಟು, ಕೈಚೀಲ, ಮುಖಗವಸಿಲ್ಲದೆ ಯಾರೂ ಕೈ ಹಾಕಬಾರದು. ಹೊಲಸನ್ನು ತೆಗೆದು ಸಾಬೂನಿನ ನೀರಿನಿಂದ ತೊಳೆದ ಮೇಲೆಯೇ ಬ್ಲೀಚಿಂಗ್ ಪುಡಿಯ ನೀರನ್ನು ಹಾಕಿ ತುಸು ಹೊತ್ತು ಬಿಡಬೇಕು. ಹೊಲಸಿನ ಮೇಲೆಯೇ ಪುಡಿ ಚೆಲ್ಲಿದರೆ ಅದರ ಶಕ್ತಿ ಹೊಲಸಿಗೇ ವ್ಯಯವಾಗುತ್ತದೆ. ದೊಡ್ಡವರು ಬರುವ ದಿನ ಗಟಾರದ ಎರಡೂ ಬದಿಗೆ ಎಳೆಯುವ ಬಿಳಿಗೆರೆಯಿಂದ ಕಣ್ಣಿಗೆ ಸಮಾಧಾನವೇ ಹೊರತು ರೋಗಕ್ಕೆ ತಡೆಯಲ್ಲ. ಬ್ಲೀಚಿಂಗ್ ಪುಡಿಗೆ ಸಂಡಾಸು ತೊಳೆಯುವ ಆಮ್ಲವನ್ನು ಬೆರೆಸಿದರೆ ವಿಷಾನಿಲವೇ ಏಳುತ್ತದೆ. ಇಷ್ಟು ತಿಳಿವಳಿಕೆ ಬೇಡುವ ಕೆಲಸವನ್ನು ನಾವು ತಿಳಿವಳಿಕೆ ಬೇಡದ ಕೆಲಸವೆಂದು ಭಾವಿಸಿ, ಸಂಜೆಗೆ ನಾಲ್ಕು ಕಾಸು ಕೊಟ್ಟು ಕೈತೊಳೆದುಕೊಂಡೆವು.

ಕಾನೂನು ನಿಧಾನವಾಗಿ ಕಣ್ತೆರೆಯಿತು. ಮೊದಲು ಅದಕ್ಕೆ ಬುಟ್ಟಿ ಕಂಡಿತು. 1993ರ ಕಾಯಿದೆಯ ವೇಳೆಗೆ ಒಣ ಸಂಡಾಸು ಕಂಡಿತು. ಅದನ್ನು ಕಟ್ಟುವುದೂ ಮನುಷ್ಯರಿಂದ ಬಳಿಸುವುದೂ ಅಪರಾಧವಾಯಿತು. ಮೊದಲಲ್ಲೇ ಆ ಕಾಯಿದೆಯನ್ನು ಬೇಡಿದ ಕೆಲವೇ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಆದರೂ 2010ರ ಜುಲೈಯಲ್ಲಿ, ತಮ್ಮ ನೆಲೆಯಿಂದ ಎಬ್ಬಿಸುವುದನ್ನು ವಿರೋಧಿಸಿ ಸವಣೂರಿನ ಭಂಗಿ ಸಮುದಾಯದವರು ಪುರಸಭೆಯ ಮುಂದೆ ಮಲವನ್ನು ತಮ್ಮ ಮೈಮೇಲೆ ಸುರಿದುಕೊಂಡರು. ಊರು ಕಾಣಲೊಲ್ಲದ್ದನ್ನು ಹಾಡುಹಗಲಿನಲ್ಲಿ ಮುಂಬಾಗಿಲಿಗೇ ತಂದು ನಿಲ್ಲಿಸಿದ ಗಳಿಗೆ ಅದು. 2013ರ ಕಾಯಿದೆಗೆ ಕಡೆಗೂ ಮನುಷ್ಯ ಕಂಡ. ರಕ್ಷಣಾ ಸಾಧನಗಳಿಲ್ಲದೆ ಯಾರನ್ನೂ ಒಳಚರಂಡಿಗೋ ಶೌಚಗುಂಡಿಗೋ ಇಳಿಸುವಂತಿಲ್ಲ. ಈ ನಿಷೇಧ ಪುರಸಭೆಗೆ ಮಾತ್ರವಲ್ಲ, ಮನೆಯ ಯಜಮಾನನಿಗೂ ಅನ್ವಯಿಸುತ್ತದೆ. ಮೊದಲ ತಪ್ಪಿಗೇ ಎರಡು ವರ್ಷದವರೆಗೆ ಸೆರೆ, ಇಲ್ಲವೆ ಎರಡು ಲಕ್ಷ ರೂಪಾಯಿಯವರೆಗೆ ದಂಡ, ಇಲ್ಲವೆ ಎರಡೂ. ಕೋಲಾರದ ಚಿನ್ನದ ಗಣಿಯ ಊರಿನಲ್ಲಿ ಹುಟ್ಟಿದ ಬೆಜವಾಡ ವಿಲ್ಸನ್ನರ ಸಫಾಯಿ ಕರ್ಮಚಾರಿ ಆಂದೋಲನ ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2014ರಲ್ಲಿ, ಗುಂಡಿಯಲ್ಲಿ ಸತ್ತವರ ಕುಟುಂಬಕ್ಕೆ ಹತ್ತು ಲಕ್ಷ ರೂಪಾಯಿ ಕೊಡಬೇಕೆಂದಿತು. ಬೇರೊಂದು ಮೊಕದ್ದಮೆಯಲ್ಲಿ 2023ರಲ್ಲಿ ಆ ಮೊತ್ತವನ್ನು ಮೂವತ್ತು ಲಕ್ಷಕ್ಕೆ ಏರಿಸಿತು.

ಹೀಗೆ ಒಂದು ಶತಮಾನಕ್ಕೂ ಮಿಕ್ಕಿದ ದಾರಿಯನ್ನು ಸವೆಸಿ ಕಾನೂನು ಬುಟ್ಟಿಯಿಂದ ಮನುಷ್ಯನವರೆಗೆ ಬಂದಿದೆ. ಉಳಿದ ಹೆಜ್ಜೆಯನ್ನು ಅದು ನಮಗಾಗಿ ಇಡಲಾರದು. ಗುಂಡಿ ತುಂಬಿದ ದಿನ ನಾವು ಹೀರುವ ಯಂತ್ರದ ಗಾಡಿಗೆ ಹೇಳಿ ಕಳಿಸುತ್ತೇವೆಯೋ, ಅಥವಾ ಅಗ್ಗವೆಂದು ಓಣಿಯ ಕೊನೆಯ ಒಬ್ಬನನ್ನು ಕರೆಯುತ್ತೇವೆಯೋ? ಹಿತ್ತಿಲ ಬಾಗಿಲು ನಿಜವಾಗಿ ಮುಚ್ಚಿದೆಯೇ ಎಂಬುದು ತಿಳಿಯುವುದು ಅಂದೇ.